ಇಪ್ಪತ್ತನಾಲ್ಕು ವರ್ಷಗಳ ಯಾತ್ರೆ

ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ ನಿಟ್ಟೆ ಎಂಬ ಊರಿದೆ. ನನ್ನ ಬಿಡಾರ ಅಲ್ಲಿಯೇ. ಕೆಲವೇ ಮೈಲಿಗಳಾಚೆ ಮುದ್ದಣನ ನಂದಳಿಕೆ. ಇಂಥ ನೆರೆಯಲ್ಲಿ ಕನ್ನಡ ಕಲಿಸುವವನಿಗೆ ಒಂದು ಬಗೆಯ ಹೆಮ್ಮೆ ತಾನಾಗಿಯೇ ಬಂದುಬಿಡುತ್ತದೆ. ಆ ಹೆಮ್ಮೆಯ ಬಲದಿಂದಲೇ ಎಂಬಂತೆ, ಪ್ರತಿ ವರ್ಷ ಜುಲೈ 1ರಂದು, ಪತ್ರಿಕಾ ದಿನದ ನೆಪದಲ್ಲಿ, ನಾನು ನನ್ನ ವಿದ್ಯಾರ್ಥಿಗಳಿಗೆ ಹರ್ಮನ್ ಮೊಗ್ಲಿಂಗರ ವಿಷಯವಾಗಿ ಒಂದು ಭಾಷಣ ಮಾಡುತ್ತ ಬಂದಿದ್ದೇನೆ. ಕನ್ನಡದ ಮೊದಲ ಪತ್ರಿಕೆ, ಮೊದಲ ಗ್ರಂಥಮಾಲೆ, ದಾಸರ ಪದಗಳ ಮುದ್ರಣ, ಇಷ್ಟನ್ನು ಹೇಳಿ, ಆ ಜರ್ಮನ್ ಮಹನೀಯನಿಗೆ ಕನ್ನಡಿಗರು ಸದಾ ಋಣಿಗಳೆಂದು ಮುಗಿಸಿದರೆ ಚಪ್ಪಾಳೆಯಾಗುತ್ತದೆ. ವರ್ಷ ವರ್ಷವೂ ಅದೇ ಭಾಷಣ, ಅದೇ ಚಪ್ಪಾಳೆ.

ಈಚೆಗೆ ಒಂದು ಸಲ, ಚಪ್ಪಾಳೆ ನಿಂತ ಮೇಲೆ, ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಅಣ್ಣ ಕೊಲ್ಲಿಯ ನಾಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿನ ತನ್ನ ಚರ್ಚಿನ ತಂಡದೊಡನೆ ಹನ್ನೆರಡು ದಿನಗಳ ಮಟ್ಟಿಗೆ ಆಫ್ರಿಕದ ಒಂದು ಹಳ್ಳಿಗೆ ಧರ್ಮಸೇವೆಗೆಂದು ಹೋಗಿಬಂದನಂತೆ. ಶಾಲೆಯ ಗೋಡೆಗೆ ಸುಣ್ಣ ಬಳಿದರು, ಮಕ್ಕಳಿಗೆ ಹಾಡು ಹೇಳಿಕೊಟ್ಟರು, ಎಲ್ಲರೂ ನಿಂತು ಚಿತ್ರ ತೆಗೆಸಿಕೊಂಡರು. ಮರಳಿ ಬಂದವನು ಮನೆಗೆ ದೂರವಾಣಿ ಮಾಡಿ, ಆ ಮಕ್ಕಳು ತನ್ನ ಬಳಿ ಏನೇನೋ ಹೇಳುತ್ತಿದ್ದರು, ತನಗೆ ಒಂದು ಮಾತೂ ತಿಳಿಯಲಿಲ್ಲವೆಂದು ಹೇಳಿ ಸುಮ್ಮನಾದನಂತೆ. ಇದಿಷ್ಟನ್ನು ತಿಳಿಸಿ ಹುಡುಗಿ ಎರಡು ಪ್ರಶ್ನೆಗಳನ್ನು ಕೇಳಿದಳು. ಮೊಗ್ಲಿಂಗರು ಬಂದುದೂ ಇಂಥದೇ ಕೆಲಸಕ್ಕಲ್ಲವೆ? ಹಾಗಾದರೆ ಸರ್ ತಮ್ಮ ಭಾಷಣದಲ್ಲಿ ಅದನ್ನೇಕೆ ಹೇಳಲಿಲ್ಲ?

ಮೊದಲನೆಯದಕ್ಕೆ ಹೌದೆಂದೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ಕೊಡಲಾರದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊಗ್ಲಿಂಗರು ಹುಟ್ಟಿದುದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗೆನ್ನಿನಲ್ಲಿ ದೇವತಾಶಾಸ್ತ್ರವನ್ನು ಓದಿದರು. ಮುಂದೆ ಮಲೆಯಾಳದ ನಿಘಂಟುಕಾರರೆಂದು ಹೆಸರಾದ ಹರ್ಮನ್ ಗುಂಡರ್ಟರು ಅವರ ಗೆಳೆಯರು. ಸ್ವದೇಶದಲ್ಲಿಯೇ ಒಂದು ಒಳ್ಳೆಯ ಗುರುಪೀಠ ಸಿಗಬಹುದಾಗಿದ್ದ ವಿದ್ಯಾವಂತರು, ಅದನ್ನು ಬಿಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನನ್ನು ಸೇರಿದರು.

ಆ ಸಂಸ್ಥೆ ಸ್ಥಾಪನೆಯಾದುದು 1815ರಲ್ಲಿ. ಬ್ರಿಟಿಷರಲ್ಲದ ಮಿಶನರಿಗಳಿಗೆ ಕಂಪೆನಿ ಸರಕಾರದ ಭಾರತದಲ್ಲಿ ದಾರಿ ಸುಗಮವಾದುದು 1833ರ ಸನದಿನ ತರುವಾಯ. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಬಂದಿಳಿದರು. ಇವರ ಬೆನ್ನಿಗೆ 1836ರಲ್ಲಿ ಬಂದವರು ಮೊಗ್ಲಿಂಗರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಸೂಯೆಜ್ ಕಾಲುವೆ ತೆರೆಯುವುದಕ್ಕೆ ಇನ್ನೂ ಮೂವತ್ತಮೂರು ವರ್ಷಗಳಿದ್ದುವು. ಆ ಕಾಲದಲ್ಲಿ ಹೊರಟವನು ಮರಳುವ ತಿಥಿಯನ್ನು ಗೊತ್ತುಮಾಡಿಕೊಂಡು ಹೊರಡುತ್ತಿರಲಿಲ್ಲ. ಮರಳುವೆನೆಂಬ ಭರವಸೆಯೇ ಇರುತ್ತಿರಲಿಲ್ಲ.

ಬಂದ ಉದ್ದೇಶದಲ್ಲಿ ಮುಚ್ಚುಮರೆ ಇರಲಿಲ್ಲ. ಈ ನಾಡಿನ ಜನ ಅಜ್ಞಾನದಲ್ಲಿದ್ದಾರೆ, ಅವರನ್ನು ತಮ್ಮ ದೇವರ ಕಡೆಗೆ ತಿರುಗಿಸಬೇಕು ಎಂಬುದೇ ಅವರ ಸಂಕಲ್ಪ. ಆದರೆ ಹೇಳಬೇಕೆಂದರೆ ಮೊದಲು ಮಾತು ಬೇಕು. ಮಂಗಳೂರಿನ ಪೇಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಕಚೇರಿಯಲ್ಲಿಯೂ ಓದುಬರಹದಲ್ಲಿಯೂ ಕನ್ನಡ. ಮೊಗ್ಲಿಂಗರು ಹಿಡಿದುದು ಕನ್ನಡವನ್ನು. ಪಂಡಿತರಿಂದ ಕಲಿತರು, ತಮ್ಮ ಶಾಲೆಯ ಹುಡುಗರಿಂದಲೂ ಕಲಿತರು. ಹುಡುಗರನ್ನು ಜತೆಯಲ್ಲಿಯೇ ಇಟ್ಟುಕೊಂಡು ಪಾಠ ಹೇಳುವುದು ಅವರ ಕ್ರಮವಾಗಿತ್ತು. ಕಲಿಸಬಂದವನು ಹೀಗೆ ಹಲವು ವರ್ಷ ಶಿಷ್ಯನಾಗಿ ಕುಳಿತನು. ಹುಡುಗಿಯ ಅಣ್ಣನಿಗೆ ಹನ್ನೆರಡು ದಿನಗಳಲ್ಲಿ ದೊರೆಯದೆ ಹೋದುದು ಇದು.

1841ರಲ್ಲಿ ಮಿಶನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಅಲ್ಲಿಂದ 1843ರ ಜುಲೈ 1ರಂದು ಮೊಗ್ಲಿಂಗರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಹೊರಬಿತ್ತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ನಿರೂಪ, ಪರರಾಜ್ಯಗಳ ಸುದ್ದಿ, ನೀತಿಯ ಮಾತು, ಕಥೆ, ಇವುಗಳೊಡನೆ ಪುರಂದರದಾಸರ ಹಾಡಿಗೂ ಅದರಲ್ಲಿ ಜಾಗವಿತ್ತು. ಮರುವರ್ಷ ಅದು ‘ಕನ್ನಡ ಸಮಾಚಾರ’ವೆಂಬ ಹೆಸರು ತಳೆದು, ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಯಲ್ಲಿ ಮುದ್ರಣಗೊಳ್ಳತೊಡಗಿತು. ಒಂದು ಪಟ್ಟಣದ ಹೆಸರು ಬಿಟ್ಟು ಒಂದು ಭಾಷೆಯ ಹೆಸರನ್ನು ಹಿಡಿದುದು ಸಣ್ಣ ಸಂಗತಿಯಲ್ಲ. ಕನ್ನಡ ಜನ ಅಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಕರಾವಳಿಯಲ್ಲಿ ಬರೆದು ಬಳ್ಳಾರಿಯಲ್ಲಿ ಅಚ್ಚಾದ ಆ ಹಾಳೆ ಅವರೆಲ್ಲರನ್ನೂ ಒಂದೇ ಓದುಗವರ್ಗವೆಂದು ಎಣಿಸಿತು.

ನನ್ನ ಭಾಷಣ ಇಲ್ಲಿಂದ ನೇರವಾಗಿ ಗ್ರಂಥಮಾಲೆಗೆ ಹಾರುತ್ತಿತ್ತು. ನಡುವೆ ನಾನು ಬಿಡುತ್ತಿದ್ದುದು 1844ರ ಜನವರಿ ತಿಂಗಳನ್ನು.

ಆ ತಿಂಗಳಲ್ಲಿ ಮಂಗಳೂರಿನ ಒಂದು ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ಹದಿನೆಂಟರ ತರುಣನು ಕ್ರೈಸ್ತದೀಕ್ಷೆಯನ್ನು ಪಡೆದನು. ಗುರು ಮೊಗ್ಲಿಂಗರು, ಶಿಷ್ಯನು ಗುರುವಿನ ಹರ್ಮನ್ ಎಂಬ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡನು. ಊರು ಅಲ್ಲೋಲಕಲ್ಲೋಲವಾಯಿತು. ಅಂದಿನ ಕಟ್ಟಳೆಯ ಪ್ರಕಾರ ಇದು ಮಗನು ಜಾತಿ ಬಿಟ್ಟುದಷ್ಟೇ ಅಲ್ಲ. ಮನೆಯ ಪಾಲಿಗೆ ಅವನು ಸತ್ತಂತೆಯೇ. ಜತೆಯಲ್ಲಿ ಕುಳಿತು ಉಣ್ಣುವ ಹಾಗಿಲ್ಲ, ಹಿರಿಯರಿಗೆ ಪಿಂಡವಿಡುವ ಹಾಗಿಲ್ಲ. ಆ ಮನೆಯ ಒಳಕೋಣೆಯಲ್ಲಿ ಅಂದು ಬಿದ್ದ ಕಣ್ಣೀರು ಯಾವ ಮಿಶನ್ ವರದಿಯ ಲೆಕ್ಕಕ್ಕೂ ಬರುವಂಥದಲ್ಲ. ಪುರಂದರದಾಸರನ್ನು ಅಚ್ಚಿಗೆ ಕೊಟ್ಟ ಕೈಯೇ ಈ ದೀಕ್ಷೆಗೂ ಕಾರಣವಾದ ಕೈ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಅಧ್ಯಾಪಕನಿಗೆ ಅನುಕೂಲ. ಆದರೆ ಅದು ಚರಿತ್ರೆಯಲ್ಲ.

ಹಾಗೆಂದು, ಹುಡುಗನನ್ನು ಯಾರೋ ಕದ್ದೊಯ್ದರೆಂದು ಬರೆದರೂ ಅಸತ್ಯವಾಗುತ್ತದೆ. ಕೌಂಡಿನ್ಯರು ಸ್ವಂತ ಬುದ್ಧಿಯಿದ್ದವರು. ಮೊಗ್ಲಿಂಗರು ಸ್ವದೇಶಕ್ಕೆ ಹೋದಾಗ ಅವರನ್ನೂ ಕರೆದೊಯ್ದರು. 1846ರಿಂದ ಐದು ವರ್ಷ ಬಾಸೆಲ್ಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯ ಪಟ್ಟವನ್ನು ಪಡೆದು ಅವರು ಮರಳಿದರು. ಸಮುದ್ರಯಾನವೇ ಪಾತಕವೆನಿಸಿದ್ದ ಕಾಲದಲ್ಲಿ ನಮ್ಮ ಕರಾವಳಿಯ ಒಬ್ಬನು ಯುರೋಪಿನ ನಡುನಾಡಿನಲ್ಲಿ ವಿದ್ಯಾರ್ಥಿಯಾಗಿದ್ದನೆಂಬುದು ವಿಸ್ಮಯದ ಸಂಗತಿ. ಬಂದವರು ಪರಾಶ್ರಯದಲ್ಲಿ ಕುಗ್ಗಿ ಉಳಿಯಲಿಲ್ಲ. ಬಾಳಿನುದ್ದಕ್ಕೂ ದುಡಿದು 1893ರಲ್ಲಿ ಕೊಡಗಿನ ಮಣ್ಣಿನಲ್ಲಿ ಮಣ್ಣಾದರು.

ಮೊಗ್ಲಿಂಗರು ಮಾತ್ರ ಸ್ವದೇಶದಲ್ಲಿ ಬಹುಕಾಲ ನಿಲ್ಲಲಿಲ್ಲ. ಮಂಗಳೂರಿಗೆ ಬಂದು ಬಲ್ಮಠದ ಸೆಮಿನರಿಯ ಕೆಲಸಕ್ಕೆ ನಿಂತರು. ಜತೆಗಿದ್ದವರು ದಾಯಾದಿ ಸೋದರ ಗಾಟ್‌ಫ್ರೀಡ್ ವೈಗ್ಲೆ, ಕನ್ನಡ ಭಾಷೆ ಸಾಹಿತ್ಯಗಳ ಕುರಿತು ಜರ್ಮನ್ ವಿದ್ವಾಂಸರಿಗೆ ಮೊತ್ತಮೊದಲು ತಿಳಿಯಹೇಳಿದವರಲ್ಲೊಬ್ಬರು. ನೀಲಗಿರಿಯಲ್ಲಿ ನೆಲೆಸಿದ್ದ ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಹಣ ಕೊಟ್ಟರು. 1848ರಿಂದ 1853ರ ವರೆಗೆ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆ ಹೊರಬಂದಿತು. ಜೈಮಿನಿ ಭಾರತ, ಬಸವ ಪುರಾಣ, ಚೆನ್ನಬಸವ ಪುರಾಣ, ಕುಮಾರವ್ಯಾಸನ ಭಾರತ, ದಾಸರ ಪದಗಳು. ಓಲೆಗರಿಯಲ್ಲಿಯೂ ಗಮಕಿಗಳ ಕಂಠದಲ್ಲಿಯೂ ಇದ್ದವು ಅಚ್ಚಿನ ಪುಟಕ್ಕೆ ಇಳಿದುವು. ಪ್ರತಿಗಳನ್ನು ಕೂಡಿಸಿ, ಓದಿ, ಪಾಠವನ್ನು ತಿದ್ದಲು ನೆರವಾದ ನಮ್ಮ ಪಂಡಿತರ ಪಾಲೂ ಇದರಲ್ಲಿದೆ. ಅವರಿಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡಲಿಲ್ಲ. ಮೊಗ್ಲಿಂಗರಿಗೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು.

ಮಿಶನರಿಗೆ ಬಸವ ಪುರಾಣವೇಕೆ ಎಂದು ಕೇಳಬಹುದು. ಜನರ ಮನಸ್ಸನ್ನು ಗೆಲ್ಲಬೇಕಾದರೆ ಆ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಬೇಕು ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದಿತು. ಆದರೆ ಲೆಕ್ಕಾಚಾರದ ಮನುಷ್ಯನು ಬೇಕಾದಷ್ಟನ್ನು ತಿಳಿದು ನಿಲ್ಲಿಸುತ್ತಾನೆ. ಇವರು ನಿಲ್ಲಿಸಲಿಲ್ಲ. ಗಾದೆಗಳನ್ನು ಕೂಡಹಾಕಿದರು, ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. ತನ್ನ ಮತಕ್ಕೆ ಜನರನ್ನು ಸೆಳೆಯಬಂದವನು ತನ್ನ ಜನರಿಗೆ ಪುರಂದರನನ್ನು ಓದಿಸಿದನು. ತಾನು ಒಪ್ಪದ ದೇವರ ಹಾಡುಗಳಿಗೆ ತಾನೇ ದುಭಾಷಿಯಾದನು.

1853ರಲ್ಲಿ ಅವರು ಕೊಡಗಿಗೆ ಹೋದರು. ಕೊಡಗು ಇಂಗ್ಲಿಷರ ವಶವಾಗಿ ಆಗ ಎರಡು ದಶಕಗಳಾಗಿದ್ದುವು. ಅದರ ವಿಷಯವಾಗಿ 1855ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಬರೆದರು. ಅಲ್ಲಿ ಅವರ ಕಣ್ಣಿಗೆ ಬಿದ್ದವರು ಒಡೆಯರ ಗದ್ದೆಗಳಲ್ಲಿ ತಲೆತಲಾಂತರವಾಗಿ ಜೀತ ಮಾಡುತ್ತಿದ್ದ ಹೊಲೆಯರು. ದೀಕ್ಷೆ ಪಡೆದ ಇವರಿಗೆ ನಿಲ್ಲಲು ನೆಲವೇ ಇರಲಿಲ್ಲ. ಕಾಡು ಕಡಿದು ಇವರಿಗಾಗಿ ಒಂದು ಊರನ್ನು ಕಟ್ಟಿದರು. ಅದಕ್ಕೆ ಶಿಷ್ಯ ಆನಂದರಾಯರ ಹೆಸರಿನಿಂದ ಆನಂದಪುರವೆಂದು ಹೆಸರಾಯಿತು. ಮಂಗಳೂರಿನ ಬ್ರಾಹ್ಮಣ ಮನೆ ಕಳೆದುಕೊಂಡ ಮಗನ ಹೆಸರು ಕೊಡಗಿನ ಜೀತದಾಳುಗಳ ಮೊದಲ ಸ್ವಂತ ನೆಲದ ಹೆಸರಾಯಿತು. ಒಂದರ ನೋವಿನಿಂದ ಇನ್ನೊಂದರ ನಲಿವನ್ನು ಕಳೆದು ಶೇಷವೆಷ್ಟೆಂದು ಹೇಳುವ ಗಣಿತ ನನಗೆ ತಿಳಿಯದು.

1855ರಲ್ಲಿ ವೈಗ್ಲೆ ತೀರಿಕೊಂಡಿದ್ದರು. ಅವರ ವಿಧವೆ ಪೌಲೀನರನ್ನು ಮೊಗ್ಲಿಂಗರು ಮದುವೆಯಾಗಿದ್ದರು. ಆಕೆಯ ಆರೋಗ್ಯ ಕೆಟ್ಟಿತು. 1860ರಲ್ಲಿ ದಂಪತಿಗಳು ಜರ್ಮನಿಗೆ ಮರಳಿದರು. ಕೊಡಗಿನ ಕೆಲಸ ಕೌಂಡಿನ್ಯರ ಕೈಯಲ್ಲಿ ಉಳಿಯಿತು. ಮೊಗ್ಲಿಂಗರು ಮತ್ತೆ ಕನ್ನಡ ನಾಡನ್ನು ಕಾಣಲಿಲ್ಲ. 1881ರ ಮೇ 10ರಂದು ಎಸ್ಲಿಂಗೆನ್ನಿನಲ್ಲಿ ಕಣ್ಣು ಮುಚ್ಚಿದರು. ಮರುವರ್ಷ ಹಳೆಯ ಗೆಳೆಯ ಗುಂಡರ್ಟರು ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಕಿಟ್ಟೆಲರ ನಿಘಂಟು ಹೊರಬರುವುದಕ್ಕೆ ಆಗ ಇನ್ನೂ ಹನ್ನೆರಡು ವರ್ಷಗಳಿದ್ದುವು. ನಂದಳಿಕೆಯಲ್ಲಿ ಮುದ್ದಣನು ಇನ್ನೂ ಬಾಲಕ. ಅವನು ಬೆಳೆದು ರಾಮಾಶ್ವಮೇಧವನ್ನು ಬರೆಯುವ ಹೊತ್ತಿಗೆ, ಕಾವ್ಯವೆಂದರೆ ಅಚ್ಚಿನ ಪುಸ್ತಕದಲ್ಲಿ ಓದತಕ್ಕ ವಸ್ತುವೆಂದು ತಿಳಿದ ಜನ ನಾಡಿನಲ್ಲಿದ್ದರು.

ಮೊಗ್ಲಿಂಗರ ಲೆಕ್ಕದಿಂದಲೇ ನೋಡಿದರೆ ಅವರ ಯಾತ್ರೆ ಗೆದ್ದಿತೆಂದು ಹೇಳುವುದು ಕಷ್ಟ. ನಾಡು ಅವರ ಮತಕ್ಕೆ ತಿರುಗಲಿಲ್ಲ. ಅವರ ಸಂಕಲ್ಪದ ಬದಿಯಲ್ಲಿ ಬೆಳೆದುದನ್ನು ನಾವು ಕೊಯ್ದುಕೊಂಡೆವು, ಸಂಕಲ್ಪವನ್ನು ಹೊಲದಲ್ಲಿಯೇ ಬಿಟ್ಟೆವು. ಅದರಲ್ಲಿ ತಪ್ಪಿಲ್ಲ, ಬಿಟ್ಟುದನ್ನು ಇರಲೇ ಇಲ್ಲವೆನ್ನುವುದು ತಪ್ಪು. ಹುಡುಗಿಯ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದೇ: ಅರ್ಧ ಹೇಳಿದರೆ ಚಪ್ಪಾಳೆ ನಿಶ್ಚಿತವೆಂದು ಅರ್ಧವನ್ನೇ ಹೇಳುತ್ತಿದ್ದೆ.

ಅವಳನ್ನು ಕರೆದು ಇದನ್ನೆಲ್ಲ ತಿಳಿಸಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಣ್ಣನು ಆ ಹಳ್ಳಿಗೆ ಇನ್ನೊಮ್ಮೆ ಹೋಗಬೇಕೆಂದಿದ್ದಾನೆ, ಈಗ ಅಲ್ಲಿನ ಭಾಷೆ ಕಲಿಯಲು ಒಂದು ಪುಸ್ತಕ ಹುಡುಕುತ್ತಿದ್ದಾನೆ ಎಂದಳು. ಅವನು ಅಲ್ಲಿಗೆ ಹೋಗಿ ಏನು ಹೇಳುವನೋ ನಾನರಿಯೆ. ಆ ಮಕ್ಕಳು ಹೇಳಿದುದು ಈ ಸಲವಾದರೂ ಅವನಿಗೆ ತಿಳಿಯಲಿ. ಮುಂದಿನ ಜುಲೈ 1ಕ್ಕೆ ನಾನು ಹೊಸ ಭಾಷಣವೊಂದನ್ನು ಬರೆದಿಟ್ಟಿದ್ದೇನೆ. ಅದಕ್ಕೆ ಚಪ್ಪಾಳೆ ಬೀಳುವುದೋ ಇಲ್ಲವೋ ಹೇಳಲಾರೆ.