ಸ್ಯಾಂಡೋ ಮಾರಿದ್ದೇನು, ನಾವು ಕೊಳ್ಳುವುದೇನು?

ತೋಳಿಲ್ಲದ ಒಳಅಂಗಿಯನ್ನು ಸ್ಯಾಂಡೋ ಬನಿಯನ್ ಎಂದು ಕರೆಯುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ತಮಿಳು ಚಿತ್ರರಂಗದ ನಿರ್ಮಾಪಕ ಚಿನ್ನಪ್ಪ ದೇವರ್ ಅವರ ಹೆಸರಿನ ಹಿಂದೆಯೂ ಸ್ಯಾಂಡೋ ಎಂಬ ವಿಶೇಷಣ ಬಿರುದಿನಂತೆ ಅಂಟಿಕೊಂಡಿತ್ತು. ಆ ಹೆಸರಿನ ಮನುಷ್ಯನೊಬ್ಬ ನಿಜವಾಗಿಯೂ ಇದ್ದ, 1925ರ ಅಕ್ಟೋಬರ್ 14ರಂದು ಲಂಡನ್ನಿನಲ್ಲಿ ತೀರಿಕೊಂಡ, ಆತನ ಸಮಾಧಿಯ ಮೇಲೆ ದಶಕಗಳ ಕಾಲ ಒಂದು ಹೆಸರೂ ಇರಲಿಲ್ಲ ಎಂಬುದು ಬಹುಮಂದಿಗೆ ತಿಳಿಯದು.

ಯೂಜೆನ್ ಸ್ಯಾಂಡೋನ ಬದುಕನ್ನು ನಾನು ಮತ್ತೊಮ್ಮೆ ಓದಲು ಕಾರಣವಾದದ್ದು ಒಂದು ಲೌಕಿಕ ವ್ಯವಹಾರ. ನಾನು ವಾಸಿಸುವ ವಸತಿ ಸಮುಚ್ಚಯದ ಸಂಘವು ವ್ಯಾಯಾಮದ ಕೊಠಡಿಗೆ ಸ್ಮಿತ್ ಮಷಿನ್ ಎಂಬ ಯಂತ್ರವನ್ನು ಕೊಳ್ಳಲು ಹೊರಟಿದ್ದು, ಯಾವುದನ್ನು ಕೊಳ್ಳಬೇಕು, ಕೊಳ್ಳಬೇಕೇ ಎಂಬ ಬಗ್ಗೆ ಅಭಿಪ್ರಾಯ ಬರೆದುಕೊಡುವ ಕೆಲಸವನ್ನು ನನಗೆ ಒಪ್ಪಿಸಿತು. ಮಾರಾಟಗಾರರು ತಂದಿತ್ತ ಹೊತ್ತಿಗೆಗಳನ್ನು ಒಂದೊಂದಾಗಿ ತಿರುವಿದೆ. ಪ್ರತಿಯೊಂದರಲ್ಲೂ ಯಂತ್ರದ ಪಕ್ಕದಲ್ಲಿ ಶಿಲ್ಪದಂಥ ಮೈಕಟ್ಟಿನ ಯುವಕನೊಬ್ಬ ನಿಂತಿದ್ದಾನೆ. ಆತ ಆ ಯಂತ್ರದಿಂದಲೇ ಹಾಗಾದನೆಂದು ಯಾರೂ ಹೇಳುವುದಿಲ್ಲ, ಆಗಲಿಲ್ಲವೆಂದೂ ಹೇಳುವುದಿಲ್ಲ. ದೇಹವನ್ನು ತೋರಿಸಿ ಸಾಧನವನ್ನು ಮಾರುವ ಈ ವಿದ್ಯೆಯನ್ನು ಜಗತ್ತಿನಾದ್ಯಂತ ಹರಡಿದವರಲ್ಲಿ ಸ್ಯಾಂಡೋ ಮೊದಲಿಗ.

ಆತನ ಹುಟ್ಟುಹೆಸರು ಫ್ರೀಡ್ರಿಷ್ ವಿಲ್‌ಹೆಲ್ಮ್ ಮ್ಯೂಲರ್. ಹುಟ್ಟಿದ್ದು 1867ರ ಏಪ್ರಿಲ್ 2ರಂದು, ಪ್ರಷ್ಯದ ಕೋನಿಗ್ಸ್‌ಬರ್ಗ್ ನಗರದಲ್ಲಿ. ಇಂದು ಅದು ರಷ್ಯದ ಕಲಿನಿನ್‌ಗ್ರಾಡ್. ಬಾಲ್ಯದಲ್ಲಿ ದುರ್ಬಲನಾಗಿದ್ದ ತಾನು ತಂದೆಯೊಡನೆ ಇಟಲಿಗೆ ಹೋಗಿ ಪ್ರಾಚೀನ ಶಿಲ್ಪಗಳನ್ನು ಕಂಡು, ಅಂಥ ದೇಹ ಗಳಿಸಲು ಪಣ ತೊಟ್ಟೆನೆಂದು ಆತ ಹೇಳಿಕೊಂಡಿದ್ದುಂಟು. ಜೀವನಚರಿತ್ರೆ ಬರೆದವರು ಈ ಕಥೆಯನ್ನು ಪೂರ್ಣವಾಗಿ ನಂಬುವುದಿಲ್ಲ. ಕಡ್ಡಾಯ ಸೈನ್ಯಸೇವೆಯಿಂದ ತಪ್ಪಿಸಿಕೊಳ್ಳಲು ಹದಿಹರೆಯದಲ್ಲಿಯೇ ಊರು ಬಿಟ್ಟು, ಹೆಸರು ಬದಲಿಸಿಕೊಂಡು, ಸರ್ಕಸ್ಸುಗಳಲ್ಲಿ ಕಸರತ್ತು ಮಾಡುತ್ತ ಅಲೆದನೆಂಬುದು ಹೆಚ್ಚು ನಂಬಲರ್ಹ. ಬ್ರಸೆಲ್ಸ್‌ನಲ್ಲಿ ಆತನಿಗೆ ಗುರು ದೊರೆತ. ಅಟಿಲಾ ಎಂಬ ರಂಗನಾಮದ ಲುಡ್‌ವಿಗ್ ಡುರ್ಲಾಖರ್ ಈ ಅಲೆಮಾರಿಯನ್ನು ತನ್ನ ವ್ಯಾಯಾಮಶಾಲೆಗೆ ಸೇರಿಸಿಕೊಂಡು, ಭಾರದ ಕಬ್ಬಿಣವನ್ನು ಎತ್ತುವ ಕ್ರಮವನ್ನೂ ರಂಗದ ಮೇಲೆ ನಿಲ್ಲುವ ರೀತಿಯನ್ನೂ ಕಲಿಸಿದ.

1889ರಲ್ಲಿ ಸ್ಯಾಂಡೋ ಲಂಡನ್ನಿಗೆ ಬಂದ. ಅಲ್ಲಿನ ರಾಯಲ್ ಅಕ್ವೇರಿಯಂ ರಂಗಮಂದಿರದಲ್ಲಿ ಸ್ಯಾಂಪ್ಸನ್ ಎಂಬ ಮಲ್ಲ ತನ್ನನ್ನೂ ತನ್ನ ಶಿಷ್ಯ ಸೈಕ್ಲಾಪ್ಸ್‌ನನ್ನೂ ಸೋಲಿಸಬಲ್ಲವರಿಗೆ ಹಣ ಘೋಷಿಸಿದ್ದ. ಇಪ್ಪತ್ತೆರಡರ ಸ್ಯಾಂಡೋ ಇಬ್ಬರನ್ನೂ ಸೋಲಿಸಿದ. ರಾತ್ರೋರಾತ್ರಿ ಎಂಬ ಮಾತು ಆತನ ವಿಷಯದಲ್ಲಿ ಉತ್ಪ್ರೇಕ್ಷೆಯಲ್ಲ. ಮುಂದಿನ ನಾಲ್ಕು ವರ್ಷ ಬ್ರಿಟನ್ನಿನ ರಂಗಮಂದಿರಗಳಲ್ಲಿ ಮೆರೆದು, 1893ರಲ್ಲಿ ಅಮೆರಿಕಕ್ಕೆ ಹೋದ.

ಅಲ್ಲಿ ಆತನನ್ನು ಹಿಡಿದುಕೊಂಡವನು ಫ್ಲಾರೆನ್ಸ್ ಝೀಗ್‌ಫೆಲ್ಡ್, ಮುಂದೆ ಬ್ರಾಡ್‌ವೇಯ ಹೆಸರಾಂತ ನಿರ್ಮಾಪಕನಾದ ತರುಣ. ಷಿಕಾಗೋದ ವಿಶ್ವಮೇಳದ ಸಮಯ ಅದು. ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದೂ ಅದೇ ವರ್ಷ, ಅದೇ ನಗರದಲ್ಲಿ. ಆತ ಎತ್ತುವ ಭಾರಕ್ಕಿಂತ ಆತನ ಮೈಯ ಮೇಲೆಯೇ ಪ್ರೇಕ್ಷಕರ ಕಣ್ಣು ನೆಟ್ಟಿರುವುದನ್ನು ಝೀಗ್‌ಫೆಲ್ಡ್ ಕಂಡುಕೊಂಡ. ಮೈಗೆ ಬಿಳಿಯ ಪುಡಿ ಬಳಿದು, ಅಮೃತಶಿಲೆಯ ವಿಗ್ರಹದಂತೆ ನಿಲ್ಲಿಸಿ, ಒಂದೊಂದೇ ಸ್ನಾಯುವನ್ನು ಕುಣಿಸುವ ಪ್ರದರ್ಶನ ಏರ್ಪಡಿಸಿದ. 1894ರಲ್ಲಿ ಎಡಿಸನ್ನನ ಸ್ಟುಡಿಯೋ ಈ ಭಂಗಿಗಳನ್ನು ಚಲನಚಿತ್ರವಾಗಿ ಹಿಡಿದಿಟ್ಟಿತು. ಸಿನಿಮಾ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದ ಆ ಕೆಲವು ಕ್ಷಣಗಳ ಚಿತ್ರ ಇಂದಿಗೂ ಉಳಿದಿದೆ. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಿಂಹದೊಡನೆ ಕುಸ್ತಿಯೂ ನಡೆಯಿತು. ಬಾಯಿ ಬಿಗಿದು, ಪಂಜಕ್ಕೆ ಚೀಲ ತೊಡಿಸಿದ್ದ ಆ ಬಡಪಾಯಿ ಪ್ರಾಣಿ ಕಾದಾಡಲು ಮನಸ್ಸು ಮಾಡದೆ ಪ್ರೇಕ್ಷಕರನ್ನು ನಿರಾಸೆಗೊಳಿಸಿತು.

ದೇಹದ ಪ್ರದರ್ಶನ ಹೆಚ್ಚು ಕಾಲ ನಡೆಯದೆಂಬುದು ಸ್ಯಾಂಡೋಗೆ ಬೇಗನೆ ಹೊಳೆದಿರಬೇಕು. ಇಂಗ್ಲೆಂಡಿಗೆ ಮರಳಿದ ಆತ 1897ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ವ್ಯಾಯಾಮ ಸಂಸ್ಥೆಯೊಂದನ್ನು ತೆರೆದ. ಕತ್ತಲೆಯ ಗರಡಿಯ ಬದಲು ರತ್ನಗಂಬಳಿ ಹಾಸಿದ, ಗುಮಾಸ್ತರೂ ವಕೀಲರೂ ಸಂಕೋಚವಿಲ್ಲದೆ ಕಾಲಿಡಬಹುದಾದ ಸ್ಥಳ ಅದು. ಮರುವರ್ಷ ಪತ್ರಿಕೆ ಆರಂಭವಾಯಿತು. ಅಂಚೆಯ ಮೂಲಕ ಪಾಠವೂ ಬಂತು. ಆಸಕ್ತರು ತಮ್ಮ ವಯಸ್ಸು, ಅಳತೆಗಳನ್ನು ಬರೆದು ಕಳಿಸಿದರೆ, ಅವರಿಗೆ ತಕ್ಕ ವ್ಯಾಯಾಮದ ಪಟ್ಟಿ ಮನೆಗೆ ಬರುತ್ತಿತ್ತು. ಅದರ ಹಿಂದೆಯೇ ಸಾಧನಗಳು ಬಂದವು. ಬಾಗಿಲಿಗೆ ಸಿಕ್ಕಿಸಿ ಎಳೆಯುವ ರಬ್ಬರ್ ಹಗ್ಗದ ಡೆವಲಪರ್, ಎರಡು ಹೋಳುಗಳ ನಡುವೆ ಸ್ಪ್ರಿಂಗ್ ಇಟ್ಟು ಹಿಡಿ ಬಿಗಿದಾಗ ಮಾತ್ರ ಮುಚ್ಚಿಕೊಳ್ಳುವ ಡಂಬೆಲ್, ಕೊನೆಗೆ ಹೆಂಗಸರ ಕಾರ್ಸೆಟ್ ಮತ್ತು ಕೋಕೋ ಪುಡಿ.

ಈ ಸಾಧನಗಳನ್ನು ಕೊಂಡವರ ಗತಿ ಏನಾಯಿತೆಂಬುದಕ್ಕೆ ಸಾಹಿತ್ಯದಲ್ಲಿ ಒಂದು ಸೊಗಸಾದ ಸಾಕ್ಷ್ಯವಿದೆ. ಜೇಮ್ಸ್ ಜಾಯ್ಸ್‌ನ ಯುಲಿಸಿಸ್ ಕಾದಂಬರಿಯ ನಾಯಕ, ಜಾಹೀರಾತು ಸಂಗ್ರಹಿಸಿ ಹೊಟ್ಟೆ ಹೊರೆಯುವ ಲಿಯೊಪೋಲ್ಡ್ ಬ್ಲೂಮ್‌ನ ಮೇಜಿನ ಖಾನೆಯಲ್ಲಿ ಒಂದು ಅಳತೆಯ ಪಟ್ಟಿ ಸಿಗುತ್ತದೆ. ಸ್ಯಾಂಡೋನ ಹೆಸರಿನ ಎಳೆಯುವ ಸಾಧನವನ್ನು ಎರಡು ತಿಂಗಳು ಬಳಸುವ ಮೊದಲು ಎದೆ 28 ಅಂಗುಲ, ಬಳಸಿದ ಮೇಲೆ ಇಪ್ಪತ್ತೊಂಬತ್ತೂವರೆ. ನಂತರ ಬ್ಲೂಮ್ ವ್ಯಾಯಾಮ ಬಿಟ್ಟಿದ್ದಾನೆ, ಮತ್ತೆ ಆರಂಭಿಸಬೇಕೆಂದು ದಿನವಿಡೀ ಆಗಾಗ ನೆನೆಯುತ್ತಾನೆ. ನಮ್ಮ ಮಲಗುವ ಕೋಣೆಗಳಲ್ಲಿ ಒದ್ದೆ ಟವೆಲ್ ಒಣಗಿಸಲು ಒದಗಿರುವ ಟ್ರೆಡ್‌ಮಿಲ್‌ಗಳ ಪೂರ್ವಜ ಆ ಖಾನೆಯಲ್ಲಿದೆ.

ಸ್ಯಾಂಡೋನ ಬದುಕಿನ ಅತ್ಯಂತ ದೊಡ್ಡ ವಿರೋಧಾಭಾಸವೂ ಇಲ್ಲಿಯೇ ಇದೆ. ರಂಗದ ಮೇಲೆ ಆತನನ್ನು ಸ್ಯಾಂಡೋ ಆಗಿಸಿದ್ದು ವರ್ಷಗಟ್ಟಲೆ ಭಾರದ ಬಾರ್‌ಬೆಲ್‌ಗಳೊಡನೆ ಮಾಡಿದ ಸಾಧನೆ, ಒಬ್ಬ ಗುರುವಿನ ಕಣ್ಗಾವಲು. ಮನೆಮನೆಗೆ ಆತ ಮಾರಿದ್ದು ಕೆಲವೇ ಪೌಂಡುಗಳ ಹಗುರ ಡಂಬೆಲ್ ಮತ್ತು ರಬ್ಬರ್ ಹಗ್ಗ. ಚಿತ್ರದಲ್ಲಿನ ದೇಹಕ್ಕೂ ಪೆಟ್ಟಿಗೆಯಲ್ಲಿನ ವಸ್ತುವಿಗೂ ನಡುವೆ ಇದ್ದ ಅಂತರವನ್ನು ಕೊಳ್ಳುವವರು ತಾವೇ ತುಂಬಿಕೊಳ್ಳಬೇಕಿತ್ತು.

ಆದರೂ ಆತನನ್ನು ಬರಿಯ ವಂಚಕನೆಂದು ತಳ್ಳಿಹಾಕುವುದು ಅನ್ಯಾಯವಾದೀತು. ವ್ಯಾಯಾಮವನ್ನು ಮಲ್ಲರ ಸೊತ್ತಾಗಿ ಬಿಡದೆ ಕಚೇರಿಯಲ್ಲಿ ಕುಳಿತು ದುಡಿಯುವವರ ನಿತ್ಯಕರ್ಮವಾಗಿಸಬೇಕೆಂದು ಆತ ಬರೆದ. ಭಾರವನ್ನು ಕ್ರಮೇಣ ಏರಿಸಬೇಕು, ಕೆಲಸ ಮಾಡುವ ಸ್ನಾಯುವಿನ ಮೇಲೆ ಮನಸ್ಸಿಡಬೇಕು, ಪ್ರಗತಿಯನ್ನು ಅಳೆದು ಬರೆದಿಡಬೇಕು ಎಂಬ ಆತನ ಬೋಧನೆ ಇಂದಿಗೂ ಹಳತಾಗಿಲ್ಲ. 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಆತ ನಡೆಸಿದ ದೇಹದಾರ್ಢ್ಯ ಸ್ಪರ್ಧೆಗೆ ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ಮತ್ತು ಶಿಲ್ಪಿ ಚಾರ್ಲ್ಸ್ ಲಾಸ್ ತೀರ್ಪುಗಾರರಾಗಿ ಸ್ಯಾಂಡೋನೊಡನೆ ಕುಳಿತಿದ್ದರು. ಅಲ್ಲಿ ಅತಿ ದಪ್ಪ ತೋಳಿನವನು ಗೆಲ್ಲುವಂತಿರಲಿಲ್ಲ. ಅಂಗಾಂಗಗಳ ಸಮತೋಲ, ಒಟ್ಟಾರೆ ಆರೋಗ್ಯ, ಚರ್ಮದ ಸ್ಥಿತಿ ಇವೆಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು. ಇಂದು ಮಿಸ್ಟರ್ ಒಲಿಂಪಿಯಾ ವಿಜೇತರಿಗೆ ಕೊಡುವ ಕಂಚಿನ ಪುತ್ಥಳಿ ಸ್ಯಾಂಡೋನದೇ. ಆ ಮಾನದಂಡಗಳನ್ನು ಮಾತ್ರ ನಾವು ಮರೆತಿದ್ದೇವೆ.

1905ರ ಹೊತ್ತಿಗೆ ಆತ ಭಾರತಕ್ಕೂ ಬಂದು ಕಲ್ಕತ್ತಾ, ಮುಂಬಯಿಗಳಲ್ಲಿ ಪ್ರದರ್ಶನ ನೀಡಿದ. ಬಂಗಾಳದ ವಿಭಜನೆಯ ವರ್ಷ ಅದು. ಭಾರತೀಯರು ದುರ್ಬಲರೆಂಬ ಆಳುವವರ ಹೀಗಳಿಕೆಗೆ ಉತ್ತರ ಕೊಡಲು ಅಖಾಡಗಳು ಎಚ್ಚೆತ್ತ ಕಾಲ. ಆಂಧ್ರದ ಕೋಡಿ ರಾಮಮೂರ್ತಿ ನಾಯ್ಡು ಭಾರತದ ಸ್ಯಾಂಡೋ ಎನಿಸಿಕೊಂಡರು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ತಮ್ಮ ವ್ಯಾಯಾಮಶಾಲೆಯಲ್ಲಿ ಬಾರ್‌ಬೆಲ್ಲಿನ ಜೊತೆಗೆ ಸೂರ್ಯನಮಸ್ಕಾರ, ಯೋಗಾಸನಗಳನ್ನು ಬೆರೆಸಿ ಕಲಿಸಿದರು, ಅಂಚೆಯ ಮೂಲಕವೂ ಪಾಠ ಹೇಳಿದರು. ಶಾಂತಲಾ ಮತ್ತು ರೂಪದರ್ಶಿ ಕಾದಂಬರಿಗಳನ್ನು ಬರೆದದ್ದೂ ಇದೇ ಅಯ್ಯರ್ ಅವರು. ಪಶ್ಚಿಮದಿಂದ ಬಂದ ಕಬ್ಬಿಣವನ್ನು ಒಪ್ಪಿಕೊಂಡು, ಅದಕ್ಕೆ ಇಲ್ಲಿನ ನೆಲದ ಸಾಧನೆಯನ್ನು ಕೂಡಿಸಿದ ಅವರ ವಿವೇಕ ಇಂದಿಗೂ ಅನುಕರಣೀಯ.

ಸ್ಯಾಂಡೋ 1906ರಲ್ಲಿ ಬ್ರಿಟಿಷ್ ಪ್ರಜೆಯಾದ. 1911ರಲ್ಲಿ ದೊರೆ ಐದನೇ ಜಾರ್ಜ್‌ಗೆ ದೈಹಿಕ ಶಿಕ್ಷಣದ ಆಚಾರ್ಯನಾಗಿ ನೇಮಕಗೊಂಡ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಜರ್ಮನ್ ಮೂಲದ ಈ ಮನುಷ್ಯನ ಕೋಕೋ ವ್ಯಾಪಾರ ಕುಸಿದುಬಿತ್ತು. ಐವತ್ತೆಂಟನೆಯ ವಯಸ್ಸಿಗೆ ಆತ ಸತ್ತಾಗ, ಹಳ್ಳಕ್ಕೆ ಜಾರಿದ ಮೋಟಾರನ್ನು ಒಂಟಿಯಾಗಿ ಎತ್ತಿದ್ದೇ ಸಾವಿಗೆ ಕಾರಣವೆಂಬ ದಂತಕಥೆ ಹಬ್ಬಿತು. ಹೆಂಡತಿ ಬ್ಲಾಂಚ್ ಆತನನ್ನು ಪಟ್ನಿ ವೇಲ್ ಸ್ಮಶಾನದಲ್ಲಿ ಗುರುತಿನ ಕಲ್ಲೂ ಇಡದೆ ಮಣ್ಣು ಮಾಡಿಸಿದಳು. ದಾಂಪತ್ಯದ ಕಹಿಯೇ ಅದಕ್ಕೆ ಕಾರಣವೆನ್ನುತ್ತಾರೆ. ಅಲ್ಲಿ ಹೆಸರಿನ ಕಲ್ಲು ನಿಂತದ್ದು 2000ದ ದಶಕದಲ್ಲಿ.

ಇನ್ನು ಸ್ಮಿತ್ ಮಷಿನ್. ಅಮೆರಿಕದ ವ್ಯಾಯಾಮ ಪ್ರಚಾರಕ ಜ್ಯಾಕ್ ಲಲೇನ್‌ನ ಕಲ್ಪನೆಯೊಂದನ್ನು 1950ರ ದಶಕದಲ್ಲಿ ಲಾಸ್ ಏಂಜಲೀಸ್‌ನ ರೂಡಿ ಸ್ಮಿತ್ ಬೆಳೆಸಿದ್ದರಿಂದ ಅದಕ್ಕೆ ಆ ಹೆಸರು. ಎರಡು ಕಂಬಿಗಳ ನಡುವೆ ಬಾರ್ ಮೇಲೆ ಕೆಳಗೆ ಜಾರುತ್ತದೆ. ಮಣಿಕಟ್ಟು ತಿರುಗಿಸಿದರೆ ಕೊಕ್ಕೆ ಕಂಬಕ್ಕೆ ಸಿಕ್ಕಿ ಬಾರ್ ನಿಲ್ಲುತ್ತದೆ. ಭಾರ ಅಕ್ಕಪಕ್ಕಕ್ಕೆ ವಾಲದೆಂಬುದು ಅದರ ಗುಣ. ದೇಹವನ್ನು ತೂಗಿ ನಿಲ್ಲಿಸುವ ಸ್ನಾಯುಗಳಿಗೆ ಕೆಲಸ ಕಡಿಮೆಯೆಂಬುದು ಅದರ ದೋಷ. ಬಾರಿನ ದಾರಿಗೆ ನಮ್ಮ ಮಂಡಿ, ಭುಜಗಳು ಹೊಂದಿಕೊಳ್ಳಬೇಕೇ ಹೊರತು, ಅದು ನಮಗೆ ಹೊಂದಿಕೊಳ್ಳುವುದಿಲ್ಲ.

ಹೊತ್ತಿಗೆಗಳು ಮೆಲ್ಲಗೆ ಹೇಳುವ ಅಥವಾ ಹೇಳದೆ ಬಿಡುವ ಸಂಗತಿಗಳನ್ನು ನಾನು ಅಭಿಪ್ರಾಯದಲ್ಲಿ ಬರೆದೆ. ಬಾರ್ ಜಾರುವುದು ಬೇರಿಂಗಿನ ಮೇಲೆಯೋ, ಬರಿಯ ಬುಷ್ ಮೇಲೆಯೋ ಎಂದು ಕೇಳಬೇಕು, ಖಾಲಿ ಬಾರನ್ನು ನಿಧಾನವಾಗಿ ಎತ್ತಿ ಇಳಿಸಿ ತಡವರಿಕೆ ಇದೆಯೇ ಎಂದು ನೋಡಬೇಕು. ಹಲವು ಯಂತ್ರಗಳಲ್ಲಿ ಪ್ರತಿಭಾರ ಜೋಡಿಸಿರುವುದರಿಂದ ಬಾರಿನ ಆರಂಭದ ತೂಕ ಒಂದೊಂದರಲ್ಲಿ ಒಂದೊಂದು. ಅದನ್ನು ಬರೆಸಿಕೊಳ್ಳದಿದ್ದರೆ ಎತ್ತುವವನ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಕಂಬಿಗಳು ನೇರವಾಗಿವೆಯೋ, ತುಸು ಓರೆಯೋ ಎಂಬುದರ ಮೇಲೆ ನಿಲ್ಲುವ ದಿಕ್ಕು ನಿರ್ಧಾರವಾಗುತ್ತದೆ. ಕೊಕ್ಕೆ ತಪ್ಪಿದರೂ ಬಾರ್ ಎದೆಯ ಮೇಲೆ ಕೂರದಂತೆ ತಡೆಯುವ, ಎತ್ತರ ಬದಲಿಸಬಹುದಾದ ಅಡ್ಡತಡೆಗಳಿಲ್ಲದ ಯಂತ್ರವನ್ನು ಎಷ್ಟು ಅಗ್ಗವಾದರೂ ತರಬಾರದು. ಸುಮಾರು ಏಳಡಿ ಉದ್ದದ ಬಾರಿಗೆ ಎರಡೂ ಬದಿಯಲ್ಲಿ ತೂಕದ ಬಿಲ್ಲೆ ಹಾಕುವಷ್ಟು ಜಾಗ ಬೇಕು. ನೆಲಮಾಳಿಗೆಯಾದರೆ ಚಾವಣಿಯ ತೊಲೆಯ ಕೆಳಗಿನ ಎತ್ತರವನ್ನು ಅಳೆಯಬೇಕು. ಹಳೆಯ ಬಿಲ್ಲೆಗಳ ರಂಧ್ರ ಹೊಸ ಬಾರಿನ 50 ಮಿಲಿಮೀಟರ್ ತುದಿಗೆ ಹಿಡಿಯುತ್ತದೆಯೇ ಎಂದು ಪರೀಕ್ಷಿಸಬೇಕು. ನಮ್ಮ ನಗರದ ಧೂಳಿನಲ್ಲಿ ಕಂಬಿ ಒರೆಸಿ ಎಣ್ಣೆ ಬಿಡುವ ಕೆಲಸ ಯಾರದೆಂಬುದು ಮೊದಲೇ ಗೊತ್ತಾಗಬೇಕು.

ಮನೆಗೆ ಕೊಳ್ಳುವ ಒಬ್ಬಂಟಿ ಸಾಧಕನಿಗೆ, ಹಿಂದೆ ನಿಂತು ಕಾಯುವವರಿಲ್ಲದ ಕಾರಣ, ಈ ಯಂತ್ರ ಉಪಯುಕ್ತವಾದೀತು. ದಿನವಿಡೀ ಹತ್ತಾರು ಜನ ಬಳಸುವ ವ್ಯಾಯಾಮಶಾಲೆಗೆ ಗಟ್ಟಿ ಉಕ್ಕು, ನೆಲಕ್ಕೆ ಬಿಗಿದ ಪಾದ, ದುರಸ್ತಿಯ ಕರಾರು ಬೇಕು. ನಮ್ಮ ಸಮುಚ್ಚಯದ ಕೊಠಡಿಗೆ ಬರುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಕುರ್ಚಿಯಿಂದ ಕೈಯೂರದೆ ಏಳುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಎಡವಿದಾಗ ಬೀಳದಿರುವುದು ಅವರ ಅಗತ್ಯ. ಬೀಳದಂತೆ ಕಾಯುವ ಸ್ನಾಯುಗಳಿಗೇ ರಜೆ ಕೊಡುವ ಯಂತ್ರವನ್ನು ಅವರ ಹಣದಿಂದ ಮೊದಲು ತರುವುದು ಸರಿಯೆಂದು ನನಗೆ ಅನಿಸಲಿಲ್ಲ. ಆದ್ದರಿಂದ ಮೊದಲ ವರ್ಷ ಹಗುರ ಡಂಬೆಲ್‌ಗಳು, ಒಂದು ಗಟ್ಟಿ ಬೆಂಚು, ವಾರಕ್ಕೆ ಮೂರು ದಿನ ಬಂದು ಕಲಿಸುವ ಒಬ್ಬ ತರಬೇತುದಾರರ ಸಂಬಳಕ್ಕೆ ಹಣ ತೆಗೆದಿಡಿ, ಹಾಜರಿ ಪುಸ್ತಕ ಇಟ್ಟು ಎಷ್ಟು ಮಂದಿ ಉಳಿದರೆಂದು ನೋಡಿ, ಯಂತ್ರದ ಮಾತು ಆಮೇಲೆ ಎತ್ತೋಣ ಎಂದು ಬರೆದುಕೊಟ್ಟಿದ್ದೇನೆ. ಸ್ಯಾಂಡೋಗೆ ಅಟಿಲಾ ಸಿಕ್ಕಿದ್ದು ಡೆವಲಪರ್ ತಯಾರಾಗುವುದಕ್ಕೆ ಎಷ್ಟೋ ವರ್ಷ ಮೊದಲು. ಸಂಘದ ತೀರ್ಮಾನ ಇನ್ನೂ ಬರಬೇಕಿದೆ.