ಯಜ್ಞಾಶ್ವದ ಜಾಡಿನಲ್ಲಿ ಮುದ್ದಣ

ಭಾಂಡುಪ್, ಮುಲುಂಡ್ ಮೊದಲಾದ ಮುಂಬಯಿಯ ಉಪನಗರಗಳಿಗೆ ಹೋಟೆಲು, ಕಾರ್ಖಾನೆಗಳ ಕೆಲಸವನ್ನರಸಿ ಬಂದ ಕರಾವಳಿಯ ಕನ್ನಡಿಗರು ತಮ್ಮೊಡನೆ ಯಕ್ಷಗಾನವನ್ನೂ ತಂದರು. ಮನೆ ಬಿಟ್ಟ ವೀರನು ದೈವಸಹಾಯದಿಂದ ಗೆದ್ದು ಬರುವ ಕಥೆಗಳು ಊರು ಬಿಟ್ಟವರಿಗೆ ಪ್ರಿಯವಾದುದು ಸಹಜ. ಆ ಪರಂಪರೆಯಲ್ಲೇ ಬೆಳೆದ ಕವಿ ಮುದ್ದಣ.

ನಂದಳಿಕೆಯ ಲಕ್ಷ್ಮೀನಾರಣಪ್ಪ ಹುಟ್ಟಿದುದು 1870ರಲ್ಲಿ. ನಂದಳಿಕೆ ಕಾರ್ಕಳ ಸೀಮೆಯ ಒಂದು ಹಳ್ಳಿ. ಮನೆಯ ಬಡತನದಿಂದಾಗಿ ಇಂಗ್ಲಿಷ್ ವಿದ್ಯಾಭ್ಯಾಸ ಮುಂದುವರಿಯಲಿಲ್ಲ. ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಉಡುಪಿಯಲ್ಲಿ ಅಧ್ಯಾಪಕನಾದನು. ಕೆಲಕಾಲ ಕುಂದಾಪುರದಲ್ಲಿಯೂ ದುಡಿದನು. ಹಗಲಿನಲ್ಲಿ ಮಕ್ಕಳಿಗೆ ಕಸರತ್ತು ಕಲಿಸುತ್ತ, ಉಳಿದ ವೇಳೆಯಲ್ಲಿ ಹಳಗನ್ನಡ ಕಾವ್ಯಗಳನ್ನು ಅರಗಿಸಿಕೊಂಡನು. ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು ರಚಿಸಿದನು. ಶಿವನ ಮಗನೊಬ್ಬನಿಂದಲೇ ತಾರಕಾಸುರನಿಗೆ ಸಾವೆಂಬ ವರವೇ ಷಣ್ಮುಖನ ಕಥೆಯ ಮೂಲ. ಅಲ್ಲಿ ವೀರನು ಹುಟ್ಟುವ ಮೊದಲೇ ಅವನ ಕರ್ತವ್ಯ ನಿಶ್ಚಿತವಾಗಿದೆ.

ವಿಧಿಯ ಈ ವಿಚಾರವು ‘ಶ್ರೀರಾಮಾಶ್ವಮೇಧ’ದ ವಸ್ತುವಿನಲ್ಲಿ ಇನ್ನೂ ಗಾಢವಾಗಿದೆ. ಲೋಕವನ್ನು ಗೆಲ್ಲಲೆಂದು ಬಿಟ್ಟ ಕುದುರೆ ನಾಡುನಾಡುಗಳನ್ನು ದಾಟುತ್ತದೆ. ಶತ್ರುಘ್ನನ ಸೇನೆ ಅದರ ಬೆಂಗಾವಲಿಗಿದೆ. ಕೊನೆಗೆ ಅದು ಹೋಗಿ ಸೇರುವುದು ವಾಲ್ಮೀಕಿಯ ಆಶ್ರಮವನ್ನು. ಅದನ್ನು ಕಟ್ಟಿಹಾಕುವವರು ರಾಮನ ಮಕ್ಕಳೇ. ಅವರಿಗೆ ತಂದೆ ಯಾರೆಂದು ತಿಳಿಯದು. ದಿಗ್ವಿಜಯಕ್ಕೆ ಹೊರಟದ್ದು ಕಳೆದುಹೋದ ಸಂಸಾರದ ಬಾಗಿಲಿಗೆ ಬಂದು ನಿಲ್ಲುತ್ತದೆ. ಇಂಥ ಗಂಭೀರ ಕಥೆಯ ನಡುನಡುವೆ ಮುದ್ದಣ ಮನೋರಮೆಯರ ಸರಸ ಸಲ್ಲಾಪವನ್ನಿರಿಸಿ, ಕವಿ ಅದಕ್ಕೆ ಮನೆಯ ಬಿಸುಪನ್ನು ತಂದನು.

ಯಜ್ಞಾಶ್ವದ ಹಣೆಯ ಮೇಲೆ ಒಡೆಯನ ಹೆಸರನ್ನು ಸಾರುವ ಪಟ್ಟವನ್ನು ಕಟ್ಟುವುದು ವಾಡಿಕೆ. ಮುದ್ದಣನಾದರೋ ತನ್ನ ಕೃತಿಗಳನ್ನು ಸ್ವಂತ ಹೆಸರಿಲ್ಲದೆ ಲೋಕಕ್ಕೆ ಬಿಟ್ಟನು. ರಾಮಾನುಜಯ್ಯಂಗಾರ್ಯರೂ ಎಸ್.ಜಿ. ನರಸಿಂಹಾಚಾರ್ಯರೂ ಮೈಸೂರಿನಿಂದ ಪ್ರಕಟಿಸುತ್ತಿದ್ದ ‘ಕಾವ್ಯಮಂಜರಿ’ಗೆ ಅವುಗಳನ್ನು ಹಳೆಯ ಕಾವ್ಯಗಳೆಂಬಂತೆ ಕಳುಹಿಸಿದನು. ಹಳ್ಳಿಯ ಬಡ ವ್ಯಾಯಾಮ ಶಿಕ್ಷಕನ ಬರಹವೆಂದರೆ ಮನ್ನಣೆ ದೊರೆಯದೆಂಬ ಅಳುಕು ಇದಕ್ಕೆ ಕಾರಣವಾಗಿದ್ದಿರಬಹುದು. ಸಹಜವಾದ ಸಂಕೋಚವೂ ಇದ್ದಿರಬಹುದು. ಹಳಗನ್ನಡದಲ್ಲಿ ಅವನಿಗಿದ್ದ ಹಿಡಿತ ಎಷ್ಟೆಂದರೆ ವಿದ್ವಾಂಸರೂ ಅವನ್ನು ಪ್ರಾಚೀನವೆಂದೇ ಬಗೆದರು.

ಕ್ಷಯರೋಗಕ್ಕೆ ತುತ್ತಾಗಿ 1901ರ ಫೆಬ್ರವರಿಯಲ್ಲಿ ಅವನು ತೀರಿಕೊಂಡಾಗ ವಯಸ್ಸು ಕೇವಲ 31. ಮಡದಿ ಕಮಲಾಬಾಯಿಯೂ ಎಳೆಯ ಮಗನೂ ಉಳಿದರು. ಕೃತಿಗಳು ಅವನವೆಂಬ ಸತ್ಯ ಲೋಕಕ್ಕೆ ಖಚಿತವಾದುದು ಅವನ ಮರಣಾನಂತರ. ಆ ಬಳಿಕ ಕನ್ನಡಿಗರು ಅವನನ್ನು ಹೊಸಗನ್ನಡದ ಮುಂಗೋಳಿಯೆಂದು ಕರೆದು ಗೌರವಿಸಿದರು.

ಅಲೆದಲೆದ ಕುದುರೆ ಕೊನೆಗೆ ತನ್ನವರನ್ನು ಸೇರಿತು. ಅದನ್ನು ಕಾಣಲು ಒಡೆಯನೇ ಇರಲಿಲ್ಲ. ಇದನ್ನು ದೈವಸಂಕಲ್ಪವೆಂದು ಸಮಾಧಾನಪಡುವವರು ಪಡಲಿ. ಬದುಕಿದ್ದಾಗ ಸಲ್ಲಬೇಕಾಗಿದ್ದ ಮನ್ನಣೆಯ ಸಾಲ ಮಾತ್ರ ಕನ್ನಡದ ಮೇಲೆ ಹಾಗೆಯೇ ಉಳಿದಿದೆ.