ಆಟಿಕೆಯ ರೈಲು ಕಟ್ಟಿದ ಕಾರಕೂನ: ಫ್ರ್ಯಾಂಕ್ ಹಾರ್ನ್‌ಬಿ

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೆಯ ವರ್ಗದಲ್ಲಿ ನಾವು ವ್ಯಾಕರಣದ ಪಾಠ ಹೇಳುತ್ತಿದ್ದೆವು. ಹಿಂದಿನ ಬಾಕಿನ ಮೇಲೆ ಕುಳಿತಿದ್ದ ವಿದ್ಯಾರ್ಥಿಯೊಬ್ಬನ ಕಣ್ಣು ಕರಿಹಲಗೆಯ ಕಡೆಗಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಅವನ ಮಡಿಲಲ್ಲಿ ಕಡ್ಡಿಪೆಟ್ಟಿಗೆಗಳಿಂದ ಮಾಡಿದ ಪುಟ್ಟ ರೈಲುಗಾಡಿ! ನಾವು ಸ್ವರಸಂಧಿಯನ್ನು ಕಲಿಸುತ್ತಿದ್ದರೆ ಅವನು ಡಬ್ಬಿಗಳ ಸಂಧಿ ಮಾಡುತ್ತಿದ್ದನು. ನಮಗೆ ಸಿಟ್ಟು ಬಂದಿತು. ಗಾಡಿಯನ್ನು ಕಸಿದುಕೊಂಡು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು. ವರ್ಷದ ಕೊನೆಗೆ ಕಪಾಟು ಸ್ವಚ್ಛ ಮಾಡುವಾಗ ಅದು ಮತ್ತೆ ಕೈಗೆ ಬಂತು. ಆಗಲೇ ಅದನ್ನು ನಾವು ಸರಿಯಾಗಿ ನೋಡಿದ್ದು. ಡಬ್ಬಿಗಳ ನಡುವಿನ ಕೊಂಡಿಗಳನ್ನು ಅವನು ಬಿಗಿಯಾಗಿ ಕಟ್ಟಿರಲಿಲ್ಲ, ಸ್ವಲ್ಪ ಸಡಿಲು ಬಿಟ್ಟಿದ್ದನು. ಏಕೆಂದು ಕೇಳಿದಾಗ, ತಿರುವಿನಲ್ಲಿ ಗಾಡಿ ಬಾಗಬೇಕಾದರೆ ಕೊಂಡಿಗೆ ಎಡೆ ಬೇಕು ಎಂದು ಅವನು ತಿಳಿಸಿದನು. ಯಾರೂ ಕಲಿಸದ ಒಂದು ಪಾಠವನ್ನು ಆ ಹುಡುಗನು ಕೈಯಿಂದಲೇ ಕಲಿತಿದ್ದನು. ಅಂದಿನಿಂದ ನಮಗೆ ಮತ್ತೆ ಮತ್ತೆ ನೆನಪಾಗುವ ವ್ಯಕ್ತಿ ಫ್ರ್ಯಾಂಕ್ ಹಾರ್ನ್‌ಬಿ. ಅವನ ಜೀವನವನ್ನು ನಮ್ಮ ವಿದ್ಯಾರ್ಥಿಗಳೂ ಅವರ ಪಾಲಕರೂ ತಿಳಿಯಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಫ್ರ್ಯಾಂಕ್ ಹಾರ್ನ್‌ಬಿಯು 1863ನೆಯ ಇಸವಿಯ ಮೇ 15ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ಲಿವರ್‌ಪೂಲ್ ದೊಡ್ಡ ಬಂದರು. ಹಡಗುಗಳಿಂದ ಸರಕು ಇಳಿಸುವ ಎತ್ತುಯಂತ್ರಗಳು, ಸರಕು ಸಾಗಿಸುವ ರೈಲುಗಳು ಅಲ್ಲಿಯ ಮಕ್ಕಳ ಕಣ್ಣಿಗೆ ದಿನವೂ ಬೀಳುತ್ತಿದ್ದವು. 1830ರಲ್ಲಿ ಆರಂಭವಾದ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲುಮಾರ್ಗವು ಜಗತ್ತಿನಲ್ಲಿಯೇ ಹೆಸರಾದುದು. ಹಾರ್ನ್‌ಬಿಯ ತಂದೆ ದಿನಸಿ ಸಾಮಾನುಗಳ ವ್ಯಾಪಾರಿ. ಮಗನು ಹದಿನಾರನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ತಂದೆಯ ವ್ಯಾಪಾರದಲ್ಲಿ ಹಣದ ಲೆಕ್ಕ ನೋಡುವ ಕೆಲಸಕ್ಕೆ ನಿಂತನು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲನ್ನು ಅವನು ಹತ್ತಲಿಲ್ಲ. 1887ರಲ್ಲಿ ಅವನ ವಿವಾಹವಾಯಿತು. ರೋಲಂಡ್, ಡಗ್ಲಸ್ ಎಂಬ ಇಬ್ಬರು ಗಂಡುಮಕ್ಕಳೂ ಒಬ್ಬ ಹೆಣ್ಣುಮಗಳೂ ಹುಟ್ಟಿದರು. 1899ರಲ್ಲಿ ತಂದೆ ತೀರಿಕೊಂಡನು, ವ್ಯಾಪಾರವೂ ಮುಚ್ಚಿತು. ಆಗ ಹಾರ್ನ್‌ಬಿಗೆ ಮೂವತ್ತಾರು ವರ್ಷ. ಹೊಟ್ಟೆಪಾಡಿಗಾಗಿ ಡೇವಿಡ್ ಎಲಿಯಟ್ ಎಂಬ ಮಾಂಸದ ಆಮದು ವ್ಯಾಪಾರಿಯ ಕಚೇರಿಯಲ್ಲಿ ಕಾರಕೂನನಾಗಿ ಸೇರಿದನು.

ಹಗಲೆಲ್ಲ ಪರರ ಲೆಕ್ಕ ಬರೆಯುವುದು, ಸಂಜೆ ಮನೆಯಲ್ಲಿ ಮಕ್ಕಳಿಗಾಗಿ ಆಟಿಕೆ ಮಾಡುವುದು ಅವನ ದಿನಚರಿಯಾಯಿತು. ಲೋಹದ ತಗಡನ್ನು ಕತ್ತರಿಸಿ ಸೇತುವೆ, ಬಂಡಿ, ಎತ್ತುಯಂತ್ರಗಳನ್ನು ತಾನೇ ಮಾಡಿ ಕೊಡುತ್ತಿದ್ದನು. ಆದರೆ ಒಂದು ತೊಡಕು ಇತ್ತು. ಒಂದು ಆಟಿಕೆಗಾಗಿ ಕತ್ತರಿಸಿದ ತುಂಡು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಪ್ರತಿ ಸಲವೂ ಹೊಸದಾಗಿ ಕತ್ತರಿಸಬೇಕು, ಹಳೆಯದನ್ನು ಎಸೆಯಬೇಕು. ಎಲ್ಲ ತುಂಡುಗಳೂ ಒಂದೇ ಅಳತೆಯವಾದರೆ ಹೇಗೆ ಎಂಬ ವಿಚಾರ ಅವನಿಗೆ ಹೊಳೆಯಿತು. ಅರ್ಧ ಇಂಚು ಅಗಲದ ಪಟ್ಟಿಗಳನ್ನು ಕತ್ತರಿಸಿದನು. ಅವುಗಳ ಉದ್ದಕ್ಕೂ ಅರ್ಧರ್ಧ ಇಂಚಿಗೆ ಒಂದೊಂದು ತೂತು ಕೊರೆದನು. ನಟ್ಟು ಬೋಲ್ಟುಗಳಿಂದ ಬಿಗಿದರೆ ಸೇತುವೆಯಾಗುವುದು. ಬಿಚ್ಚಿ ಮತ್ತೆ ಜೋಡಿಸಿದರೆ ಅದೇ ಪಟ್ಟಿಗಳಿಂದ ಎತ್ತುಯಂತ್ರವಾಗುವುದು. ಅಕ್ಷರಗಳು ಕೆಲವೇ ಇದ್ದರೂ ಅವುಗಳಿಂದ ಲೆಕ್ಕವಿಲ್ಲದಷ್ಟು ಶಬ್ದಗಳಾಗುತ್ತವಲ್ಲವೇ? ಹಾರ್ನ್‌ಬಿಯು ಮಕ್ಕಳ ಕೈಗೆ ಲೋಹದ ಅಕ್ಷರಮಾಲೆಯೊಂದನ್ನು ಕೊಟ್ಟನು ಎನ್ನಬಹುದು.

ಈ ಯುಕ್ತಿಗೆ ಪೇಟೆಂಟ್ ಹಕ್ಕು ಪಡೆಯಲು ಹಣ ಬೇಕಾಗಿತ್ತು. ಕಾರಕೂನನ ಕೈಯಲ್ಲಿ ಹಣವೆಲ್ಲಿಯದು? ಅವನ ಮಾಲಿಕನಾದ ಎಲಿಯಟ್ಟನೇ 5 ಪೌಂಡು ಸಾಲ ಕೊಟ್ಟನು. 1901ರ ಜನವರಿಯಲ್ಲಿ ಅರ್ಜಿ ಸಲ್ಲಿಸಿ ಹಾರ್ನ್‌ಬಿಯು ಹಕ್ಕು ಪಡೆದನು. ಮುಂದೆ ಎಲಿಯಟ್ಟನೇ ಪಾಲುದಾರನೂ ಆದನು. ತನ್ನ ಕಾರಕೂನನ ಆಟಿಕೆಯನ್ನು ಕಂಡು ನಗದೆ ನೆರವಾದ ಈ ಮಾಲಿಕನನ್ನು ನಾವು ಮರೆಯಬಾರದು. 1902ರಲ್ಲಿ ಆಟಿಕೆಯ ಮೊದಲ ಪೆಟ್ಟಿಗೆಗಳು ಅಂಗಡಿಗೆ ಬಂದವು. ಒಂದರ ಬೆಲೆ ಏಳೂವರೆ ಶಿಲಿಂಗು. ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದ ಪ್ರೊಫೆಸರ್ ಹೀಲ್-ಶಾ ಅದನ್ನು ಮೆಚ್ಚಿಕೊಂಡುದರಿಂದ ಜನರಿಗೆ ವಿಶ್ವಾಸ ಹುಟ್ಟಿತು. ಆದರೂ ಲಾಭ ಕಾಣಲು 1906ರವರೆಗೆ ಕಾಯಬೇಕಾಯಿತು. 1907ರಲ್ಲಿ ಹಾರ್ನ್‌ಬಿಯು ಕಾರಕೂನಿಕೆಯನ್ನು ಬಿಟ್ಟು ಪೂರ್ಣ ವೇಳೆ ಇದೇ ಕೆಲಸಕ್ಕೆ ಇಳಿದನು. ಆಟಿಕೆಗೆ ಮೆಕ್ಯಾನೊ ಎಂಬ ಹೆಸರನ್ನು ಅದೇ ವರ್ಷ ನೋಂದಾಯಿಸಿದನು. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರಖಾನೆ ಎದ್ದು ನಿಂತಿತು. 1916ರಲ್ಲಿ ಮಕ್ಕಳಿಗಾಗಿ ಮೆಕ್ಯಾನೊ ಹೆಸರಿನ ಪತ್ರಿಕೆಯೂ ಹೊರಬಂದಿತು.

ಇನ್ನು ರೈಲಿನ ಮಾತಿಗೆ ಬರೋಣ. ಅಂದಿನವರೆಗೆ ಆಟಿಕೆಯ ರೈಲುಗಳೆಂದರೆ ಹೆಚ್ಚಾಗಿ ಜರ್ಮನಿಯವೇ. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಿಂದ ಅವು ಇಂಗ್ಲೆಂಡಿಗೆ ಬರುವುದು ನಿಂತಿತು. ಹಾರ್ನ್‌ಬಿಯು 1920ರಲ್ಲಿ ತನ್ನದೇ ರೈಲನ್ನು ಮಾರಾಟಕ್ಕೆ ತಂದನು. ಅದು ಚಾವಿ ಕೊಟ್ಟರೆ ಓಡುವ ರೈಲು. ಎರಡು ಹಳಿಗಳ ನಡುವಿನ ಅಂತರ 32 ಮಿಲಿಮೀಟರು. ಇದರ ವಿಶೇಷವೇನೆಂದರೆ, ಮೊದಮೊದಲಿನ ಎಂಜಿನು ಡಬ್ಬಿಗಳನ್ನು ನಟ್ಟು ಬೋಲ್ಟು ಬಿಚ್ಚಿ ಮತ್ತೆ ಜೋಡಿಸಬಹುದಾಗಿತ್ತು. ಅಂದರೆ ಮಗುವು ರೈಲನ್ನು ಓಡಿಸಿ ಸುಮ್ಮನಾಗುವುದಲ್ಲ, ಅದರ ಒಳಗನ್ನೂ ನೋಡುವುದು. 1925ರಲ್ಲಿ ವಿದ್ಯುತ್ತಿನ ರೈಲು ಬಂದಿತು. ಆರಂಭದಲ್ಲಿ ಅದನ್ನು ಮನೆಯ ಜೋರು ವಿದ್ಯುತ್ತಿನಿಂದಲೇ ನಡೆಸುತ್ತಿದ್ದರು. ಮಕ್ಕಳಿಗೆ ಅದು ಅಪಾಯವೆಂದು ಬೇಗನೆ ಆ ಪದ್ಧತಿಯನ್ನು ಬಿಟ್ಟು ಕಡಿಮೆ ವೋಲ್ಟಿನ ರೈಲುಗಳನ್ನು ಮಾಡಿದರು.

ಬರಬರುತ್ತ ನಿಲ್ದಾಣ, ಸಿಗ್ನಲ್, ಸುರಂಗ, ಹಳಿ ಬದಲಿಸುವ ಪಾಯಿಂಟು, ಸರಕಿನ ಡಬ್ಬಿ ಎಲ್ಲವೂ ದೊರೆಯತೊಡಗಿದವು. ಊಟದ ಮೇಜಿನ ಮೇಲೆ, ಅಟ್ಟದಲ್ಲಿ, ಮಂಚದ ಕೆಳಗೆ ಪುಟ್ಟ ಪುಟ್ಟ ರೈಲುಮಾರ್ಗಗಳು ಹರಡಿಕೊಂಡವು. ತಂದೆಯೂ ಮಗನೂ ಒಟ್ಟಿಗೆ ನೆಲದ ಮೇಲೆ ಮೊಣಕಾಲೂರಿ ಕುಳಿತು ವೇಳಾಪತ್ರಿಕೆ ಹಾಕಿ ಗಾಡಿ ಬಿಡುವರು. ಒಂದೇ ಹಳಿಯ ಮೇಲೆ ಎರಡು ಗಾಡಿ ಎದುರುಬದುರು ಬಂದರೆ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿಚಾರವನ್ನು ಆಟವೇ ಕಲಿಸುತ್ತಿತ್ತು. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡಗ್ಲಸ್ ಹಾರ್ಟ್ರೀ ಮತ್ತು ಆರ್ಥರ್ ಪೋರ್ಟರ್ ಎಂಬವರು ಮೆಕ್ಯಾನೊ ತುಂಡುಗಳಿಂದಲೇ ಕಠಿಣ ಗಣಿತವನ್ನು ಬಿಡಿಸುವ ಒಂದು ಯಂತ್ರವನ್ನು ಕಟ್ಟಿದರು! ಆಟಿಕೆ ಎಂದು ಹಗುರಾಗಿ ಕಂಡ ವಸ್ತು ವಿಜ್ಞಾನಿಗಳ ಮೇಜನ್ನೇರಿತು.

ಹಾರ್ನ್‌ಬಿಯು ಬಹಳ ಶ್ರೀಮಂತನಾದನು. 1931ರಲ್ಲಿ ಲಿವರ್‌ಪೂಲಿನ ಎವರ್ಟನ್ ಮತಕ್ಷೇತ್ರದಿಂದ ಬ್ರಿಟಿಷ್ ಪಾರ್ಲಿಮೆಂಟಿಗೂ ಆರಿಸಿ ಬಂದನು. 1936ರ ಸೆಪ್ಟೆಂಬರ್ 21ರಂದು, ತನ್ನ 73ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ನಂತರ ಮಗ ರೋಲಂಡ್ ಕಂಪನಿಯನ್ನು ನಡೆಸಿದನು. 1938ರಲ್ಲಿ ಇನ್ನೂ ಚಿಕ್ಕದಾದ, 16.5 ಮಿಲಿಮೀಟರ್ ಹಳಿಯ ರೈಲುಗಳು ಬಂದವು. ದೊಡ್ಡ ಕೋಣೆಯಿಲ್ಲದ ಮನೆಯಲ್ಲಿಯೂ ಈಗ ರೈಲುಮಾರ್ಗ ಹಾಕುವುದು ಸಾಧ್ಯವಾಯಿತು. ಕಾಲ ಬದಲಾಯಿತು. 1964ರಲ್ಲಿ ಕಂಪನಿ ಬೇರೆಯವರ ಕೈಸೇರಿತು. 1979ರಲ್ಲಿ ಬಿನ್ಸ್ ರಸ್ತೆಯ ಕಾರಖಾನೆ ಮುಚ್ಚಿತು. ಆದರೂ ಹಾರ್ನ್‌ಬಿಯ ಹೆಸರಿನ ಪುಟ್ಟ ರೈಲುಗಳು ಇಂದಿಗೂ ಓಡುತ್ತಿವೆ.

ಅವನ ಕೆಲಸದಲ್ಲಿ ಕೊರತೆಗಳೂ ಇದ್ದವು ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಅವನ ರೈಲುಗಳು ಬಡವರಿಗೆ ಎಟುಕುವಂತಿರಲಿಲ್ಲ. ಎಷ್ಟೋ ಮಕ್ಕಳು ಅವುಗಳನ್ನು ಅಂಗಡಿಯ ಗಾಜಿನಾಚೆ ನೋಡಿಯೇ ತೃಪ್ತಿಪಟ್ಟರು. ಜಾಹೀರಾತುಗಳಲ್ಲಿ ಅವನು ಕರೆದದ್ದು ಹೆಚ್ಚಾಗಿ ಗಂಡುಮಕ್ಕಳನ್ನೇ. ನಟ್ಟು ಬೋಲ್ಟು ತಿರುಗಿಸಲು ಹೆಣ್ಣುಮಕ್ಕಳ ಕೈಗೆ ಬರುವುದಿಲ್ಲವೆಂದು ಯಾರು ಹೇಳಿಯಾರು? ನಮ್ಮ ಶಾಲೆಯಲ್ಲಿ ಅಂತಹ ಭೇದ ಬೇಡ.

ಇದೆಲ್ಲ ಇಂಗ್ಲೆಂಡಿನ ಮಾತು, ನಮ್ಮ ಜತ್ತ ತಾಲೂಕಿಗೆ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ನಮ್ಮ ಊರುಗಳ ಹಿರಿಯರು ಜೋಳದ ದಂಟಿನ ಬೆಂಡಿನಿಂದ ಎತ್ತಿನ ಗಾಡಿ ಮಾಡಿ ಆಡಿದವರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ, ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟುವ ಮಕ್ಕಳು ನಮ್ಮವರು. ಕಿಲ್ಲೆಯ ಸುತ್ತ ಒಂದು ರೈಲುಮಾರ್ಗ ಹಾಕಿದರೆ ಅದೇ ಮನೆಯ ರೈಲು! ಮಹಾರಾಷ್ಟ್ರದಲ್ಲಿಯೇ ಇದಕ್ಕೆ ಉದಾಹರಣೆಯುಂಟು. ಪುಣೆಯ ಕೋಥ್ರೂಡಿನಲ್ಲಿ ಭಾವುಸಾಹೇಬ ಜೋಶಿಯವರು ತಮ್ಮ ಹವ್ಯಾಸದಿಂದ ಬೆಳೆಸಿದ ಪುಟ್ಟ ರೈಲುಗಳ ವಸ್ತುಸಂಗ್ರಹಾಲಯವು 1998ರಲ್ಲಿ ಜನರಿಗೆ ತೆರೆಯಿತು. ಸಹಲಿಗೆ ಪುಣೆಗೆ ಹೋದಾಗ ನೋಡಲು ತಕ್ಕ ಸ್ಥಳ.

ನಮ್ಮ ಸಮೀಪದ ರೈಲಿನಿಂದಲೇ ಒಂದು ಲೆಕ್ಕ ಮಾಡೋಣ. ಜತ್ತ ರೋಡ್ ನಿಲ್ದಾಣದ ಮೇಲೆ ಹಾದುಹೋಗುವ ಮಾರ್ಗವು ಮೊದಲು ಬಾರ್ಶಿ ಲೈಟ್ ರೈಲ್ವೆಯದು. ಅದು ಮಿರಜಿನವರೆಗೆ ಬಂದದ್ದು 1927ರಲ್ಲಿ. ಆಗ ಹಳಿಗಳ ನಡುವಿನ ಅಂತರ ಎರಡೂವರೆ ಅಡಿ ಮಾತ್ರ. ಈಗ ಅದು ಬ್ರಾಡ್‌ಗೇಜ್ ಆಗಿ ಐದೂವರೆ ಅಡಿಯಾಗಿದೆ. ಒಂದು ಅಡಿಗೆ 4 ಮಿಲಿಮೀಟರ್ ಎಂಬ ಪ್ರಮಾಣ ಹಿಡಿಯಿರಿ. ಹಳೆಯ ಗಾಡಿಯ ಹಳಿ 10 ಮಿಲಿಮೀಟರಿಗೆ ಬರುವುದು, ಇಂದಿನದು 22 ಮಿಲಿಮೀಟರಿಗೆ. 70 ಅಡಿ ಉದ್ದದ ಪ್ರಯಾಣಿಕರ ಡಬ್ಬಿ 28 ಸೆಂಟಿಮೀಟರ್ ಆಗುವುದು. ಐದೂವರೆ ಅಡಿ ಎತ್ತರದ ಸ್ಟೇಶನ್ ಮಾಸ್ತರರು 22 ಮಿಲಿಮೀಟರ್, ಅಂದರೆ ಕಿರುಬೆರಳಿನ ಅರ್ಧದಷ್ಟು! ಪ್ರಮಾಣ ಮತ್ತು ಅನುಪಾತದ ಪಾಠ ಯಾರಿಗೆ ಕಠಿಣವೆನಿಸುವುದೋ ಅವರು ಇದನ್ನು ಮಾಡಿ ನೋಡಲಿ. ರಟ್ಟು, ಕಡ್ಡಿಪೆಟ್ಟಿಗೆ, ಊದುಬತ್ತಿಯ ಕಡ್ಡಿ, ಗುಂಡಿ, ಅಂಟು ಇವಿಷ್ಟು ಸಾಕು. ಮನೆಯ ಕರೆಂಟಿನ ತಂಟೆಗೆ ಮಾತ್ರ ಹೋಗಬಾರದು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ನಮ್ಮ ತಾಲೂಕು ಬರದ ನಾಡು. ಹಂಗಾಮಿನಲ್ಲಿ ಕಬ್ಬು ಕಡಿಯಲು ದೂರ ಹೋಗುವ ಕುಟುಂಬಗಳು ಎಷ್ಟೋ ಇವೆ. ಅಂತಹ ಮನೆಗಳಲ್ಲಿ ಮಗನು ಅಥವಾ ಮಗಳು ರಟ್ಟು ಕತ್ತರಿಸುತ್ತ ಕುಳಿತರೆ ವೇಳೆ ಹಾಳಾಯಿತೆಂದು ಅನಿಸುವುದು ಸಹಜ. ಅಂಕಗಳು ಬೇಕು, ನಿಜ. ಆದರೆ ಮಗುವಿನ ಕೈಯಲ್ಲಿರುವುದನ್ನು ಕಸಿದು ಒಲೆಗೆ ಹಾಕುವ ಮೊದಲು ಒಂದು ಸಲ ಅದನ್ನು ತಿರುಗಿಸಿ ನೋಡಿರಿ, ಹೇಗೆ ಮಾಡಿದೆ ಎಂದು ಕೇಳಿರಿ. ಹಾರ್ನ್‌ಬಿಗೆ ದೊರೆತ 5 ಪೌಂಡಿನ ಸಾಲಕ್ಕಿಂತ ಆ ಪ್ರಶ್ನೆಯ ಬೆಲೆ ಕಡಿಮೆಯಲ್ಲ. ನಾವು ಆ ಪ್ರಶ್ನೆಯನ್ನು ಒಂದು ವರ್ಷ ತಡಮಾಡಿ ಕೇಳಿದೆವು. ನೀವು ತಡಮಾಡಬೇಡಿರಿ.

ಪ್ರಿಯ ವಿದ್ಯಾರ್ಥಿಗಳೇ, ವ್ಯಾಕರಣದ ತಾಸಿನಲ್ಲಿ ವ್ಯಾಕರಣವನ್ನೇ ಕಲಿಯಿರಿ. ಆದರೆ ಬರುವ ದೀಪಾವಳಿಯ ರಜೆಯಲ್ಲಿ ನಿಮ್ಮ ಕಿಲ್ಲೆಯ ಸುತ್ತ ಒಂದು ರೈಲು ಓಡಲಿ. ರಜೆ ಮುಗಿದ ಮೇಲೆ ಅದನ್ನು ಶಾಲೆಗೆ ತನ್ನಿರಿ. ಈ ಸಲ ನಮ್ಮ ಕಪಾಟು ಅದಕ್ಕಾಗಿ ತೆರೆದಿರುವುದು, ಕೀಲಿ ಹಾಕಲಿಕ್ಕಲ್ಲ, ಎಲ್ಲರಿಗೂ ತೋರಿಸಲಿಕ್ಕೆ.